ಗುಂಡಿಗಳು ಹೊಂದಿದವು, ದೀಪಗಳು ಹೊಂದಿದವೇ?

ದೈತ್ಯ ರೋಬಾಟ್ ಕಾಳಗದ ಆಟಕ್ಕೆ ಮೇಜಿನ ನಿಯಂತ್ರಣ ಫಲಕವನ್ನು ಹೊಂದಿಸುವ ಪ್ರಯತ್ನಗಳು: ಒಂದು ವಿಮರ್ಶೆ

ವಿಡಿಯೋ ಆಟದ ಸಾಮಗ್ರಿಗೆ ವಿಜ್ಞಾನ ಪತ್ರಿಕೆಯಲ್ಲಿ ವಿಮರ್ಶೆಯೇ ಎಂದು ಕೆಲವು ಓದುಗರು ಕೇಳಬಹುದು. ಮನುಷ್ಯ ಯಂತ್ರಕ್ಕೆ ಆಜ್ಞೆ ಕೊಡುವುದು ಹೇಗೆ, ಯಂತ್ರ ತನ್ನ ಸ್ಥಿತಿಯನ್ನು ಮನುಷ್ಯನಿಗೆ ತಿಳಿಸುವುದು ಹೇಗೆ ಎಂಬುದು ವಿಮಾನಕ್ಕೂ ವಿದ್ಯುತ್ ಸ್ಥಾವರಕ್ಕೂ ನಮ್ಮ ಮನೆಯ ನೀರಿನ ಪಂಪಿಗೂ ಸಮಾನವಾದ ಪ್ರಶ್ನೆ. ಆ ಪ್ರಶ್ನೆಯನ್ನು ಯಾರಿಗೂ ಅಪಾಯವಿಲ್ಲದಂತೆ, ಮೇಜಿನ ಮೇಲೆಯೇ ಪರೀಕ್ಷಿಸಲು ಒಂದು ಆಟದ ಉಪಕರಣ ಅವಕಾಶ ಕೊಡುತ್ತದೆ ಎಂದಾದರೆ ಅದನ್ನು ಬಿಡುವುದೇಕೆ?

ಬನ್ನೇರುಘಟ್ಟ ರಸ್ತೆಯ ಬಿಳೇಕಹಳ್ಳಿಯಲ್ಲಿ ವಾಸವಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ವಿದೇಶದಿಂದ ಮರಳುವಾಗ ಇಂಥದೊಂದು ಉಪಕರಣವನ್ನು ತಂದಿದ್ದಾರೆ. ಊಟದ ಮೇಜಿನ ಮುಕ್ಕಾಲು ಭಾಗವನ್ನು ಅದೇ ಆಕ್ರಮಿಸಿಕೊಂಡಿದೆ. ಅದಕ್ಕೆ ಹೊಂದುವ ಮೂಲ ಆಟ ಅವರ ಬಳಿ ಇಲ್ಲ. ಆದ್ದರಿಂದ ಇಂದಿನ ಕಂಪ್ಯೂಟರಿನಲ್ಲಿ ನಡೆಯುವ ಬೇರೊಂದು ರೋಬಾಟ್ ಆಟಕ್ಕೆ ಅದನ್ನು ಹೊಂದಿಸಿಕೊಂಡಿದ್ದಾರೆ. ಜಗತ್ತಿನ ಹಲವೆಡೆ ಹವ್ಯಾಸಿಗಳು ಇದೇ ಕೆಲಸ ಮಾಡಿದ್ದಾರೆ. ಈ ಹೊಂದಾಣಿಕೆಗಳಲ್ಲಿ ಯಾವುದು ಸರಿಯಾಗಿದೆ, ಯಾವುದು ಸರಿಯಾದಂತೆ ಕಾಣುತ್ತದೆ ಅಷ್ಟೇ ಎಂಬುದನ್ನು ವಿಂಗಡಿಸುವುದು ಈ ಲೇಖನದ ಉದ್ದೇಶ.

ಉಪಕರಣದ ಪರಿಚಯ

2002ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ ಮೈಕ್ರೋಸಾಫ್ಟಿನ ಮೊದಲ ಎಕ್ಸ್‌ಬಾಕ್ಸ್ ಯಂತ್ರಕ್ಕಾಗಿ ‘ಸ್ಟೀಲ್ ಬೆಟಾಲಿಯನ್’ ಎಂಬ ಆಟವನ್ನು ಹೊರತಂದಿತು. ಜಪಾನಿನಲ್ಲಿ ಅದರ ಹೆಸರು ‘ಟೆಕ್ಕಿ’. ಬೆಂಗಳೂರಿನವರು ನಗಬಾರದು, ಅಲ್ಲಿ ಆ ಪದಕ್ಕೆ ಕಬ್ಬಿಣದ ಕುದುರೆ ಸವಾರ ಎಂಬ ಅರ್ಥವಿದೆ. ಎರಡು ಕಾಲಿನ ಮೇಲೆ ನಡೆಯುವ, ಹಲವು ಟನ್ ತೂಕದ ಯುದ್ಧ ರೋಬಾಟಿನ ಒಳಗೆ ಕುಳಿತು ಅದನ್ನು ನಡೆಸುವುದೇ ಆಟ.

ಈ ಆಟವನ್ನು ಸಾಮಾನ್ಯ ಕೈಹಿಡಿ ಸಾಧನದಿಂದ ಆಡಲು ಬರುತ್ತಿರಲಿಲ್ಲ. ಆಟದ ಜೊತೆಗೇ ಒಂದು ಫಲಕ ಬರುತ್ತಿತ್ತು. ಎರಡರ ಒಟ್ಟು ಬೆಲೆ ಅಮೆರಿಕದಲ್ಲಿ ಸುಮಾರು 200 ಡಾಲರ್. ಫಲಕದಲ್ಲಿ ಎರಡು ಕೋಲುಗಳು, ಒಂದು ಗೇರ್ ಲಿವರ್, ಮೇಲೆ-ಕೆಳಗೆ ಮಾಡುವ ಐದು ಸ್ವಿಚ್ಚುಗಳು, ರೇಡಿಯೋ ಶ್ರುತಿ ಮಾಡುವ ಒಂದು ತಿರುಗುಗುಂಡಿ, ಎಲ್ಲ ಸೇರಿ ಸುಮಾರು 40 ಗುಂಡಿಗಳು. ನೆಲದ ಮೇಲೆ ಮೂರು ಪೆಡಲುಗಳು. ಎಡಗೋಲು ರೋಬಾಟನ್ನು ತಿರುಗಿಸಲು, ಬಲಗೋಲು ಗುರಿ ಇಡಲು. ಬಲ ಪೆಡಲು ವೇಗಕ್ಕೆ, ನಡುವಿನದು ಬ್ರೇಕಿಗೆ, ಎಡದ್ದು ಪಕ್ಕಕ್ಕೆ ಜಾರಿ ತಪ್ಪಿಸಿಕೊಳ್ಳಲು.

ಫಲಕದ ಬಹುಪಾಲು ಗುಂಡಿಗಳೊಳಗೆ ದೀಪಗಳಿವೆ. ಪ್ರತಿ ದೀಪದ ಪ್ರಕಾಶವನ್ನೂ 16 ಮಟ್ಟಗಳಲ್ಲಿ ಬದಲಿಸಬಹುದು. ಈ ದೀಪಗಳನ್ನು ನೆನಪಿಡಿ. ನಮ್ಮ ತಕರಾರು ಇರುವುದು ಅವುಗಳ ಬಗ್ಗೆಯೇ.

ಆಟ ಶುರುವಾದಾಗ ರೋಬಾಟ್ ಸತ್ತು ನಿಂತಿರುತ್ತದೆ. ಮೊದಲು ಬಾಗಿಲು ಮುಚ್ಚಬೇಕು, ಐದು ಸ್ವಿಚ್ಚುಗಳನ್ನು ಒಂದೊಂದಾಗಿ ಮೇಲಕ್ಕೆತ್ತಬೇಕು, ಇಗ್ನಿಷನ್ ಒತ್ತಬೇಕು, ಯಂತ್ರ ಸಿದ್ಧವಾದ ಮೇಲೆ ಸ್ಟಾರ್ಟ್ ಒತ್ತಬೇಕು. ಬೆಂಕಿ ಹತ್ತಿದರೆ ನಂದಿಸಲು ಒಂದು ಗುಂಡಿ, ಕ್ಯಾಮೆರಾದ ಮೇಲೆ ಕೊಳೆ ಕೂತರೆ ತೊಳೆಯಲು ಇನ್ನೊಂದು. ಎಲ್ಲಕ್ಕಿಂತ ಮುಖ್ಯವಾದದ್ದು ಮುಚ್ಚಳದ ಕೆಳಗಿರುವ ಕೆಂಪು ಗುಂಡಿ. ರೋಬಾಟ್ ನಾಶವಾಗುವ ಕ್ಷಣದಲ್ಲಿ ಅದು ಮಿನುಗುತ್ತದೆ. ಮುಚ್ಚಳ ಎತ್ತಿ ಒತ್ತಿದರೆ ಚಾಲಕ ಹೊರಗೆ ಚಿಮ್ಮಿ ಬದುಕುತ್ತಾನೆ. ಒತ್ತದಿದ್ದರೆ ಚಾಲಕ ಸಾಯುತ್ತಾನೆ. ಅಲ್ಲಿಯವರೆಗೆ ನೀವು ಆಡಿ ಉಳಿಸಿದ್ದೆಲ್ಲ ಅಳಿಸಿಹೋಗುತ್ತದೆ. ಒಂದು ಚಿಕ್ಕ ದೀಪವನ್ನು ನೋಡುವುದಕ್ಕೂ ನೋಡದಿರುವುದಕ್ಕೂ ಇಷ್ಟು ದೊಡ್ಡ ವ್ಯತ್ಯಾಸವಿಟ್ಟ ಆಟಗಳು ವಿರಳ.

ಹಿಂದಿನ ಕಥೆ

ಆಟಕ್ಕೂ ನಿಜವಾದ ಯಂತ್ರದ ನಿಯಂತ್ರಣಕ್ಕೂ ಕೊಡು-ಕೊಳ್ಳುವ ಸಂಬಂಧ ಹಳೆಯದು. 1980ರಲ್ಲಿ ಅಟಾರಿ ಕಂಪನಿ ‘ಬ್ಯಾಟಲ್‌ಝೋನ್’ ಎಂಬ ಟ್ಯಾಂಕ್ ಆಟವನ್ನು ತಂದಿತು. ಅಮೆರಿಕದ ಸೇನೆಯವರು ಅದನ್ನು ನೋಡಿ ಬ್ರಾಡ್ಲಿ ಯುದ್ಧವಾಹನದ ಬಂದೂಕುಗಾರರ ತರಬೇತಿಗಾಗಿ ಅದರ ಇನ್ನೊಂದು ರೂಪವನ್ನು ಮಾಡಿಸಿದರು. ಅದಕ್ಕೆಂದು ರೂಪಿಸಿದ ಹಿಡಿಕೆಯನ್ನೇ ಅಟಾರಿ 1983ರ ‘ಸ್ಟಾರ್ ವಾರ್ಸ್’ ಆಟದಲ್ಲಿ ಮತ್ತೆ ಬಳಸಿತು. 1990ರಲ್ಲಿ ಷಿಕಾಗೋ ನಗರದಲ್ಲಿ ‘ಬ್ಯಾಟಲ್‌ಟೆಕ್ ಸೆಂಟರ್’ ತೆರೆಯಿತು. ಅಲ್ಲಿ ಆಟಗಾರರು ಕಾಸು ಕೊಟ್ಟು ಮುಚ್ಚಿದ ಗೂಡುಗಳಲ್ಲಿ ಕುಳಿತು, ಕೋಲು, ಪೆಡಲು, ಗುಂಡಿಗಳಿಂದ ದೈತ್ಯ ರೋಬಾಟುಗಳನ್ನು ನಡೆಸುತ್ತಿದ್ದರು. ಸ್ಟೀಲ್ ಬೆಟಾಲಿಯನ್ ಫಲಕ ಅಂಥ ಗೂಡನ್ನೇ ಮನೆಯ ಮೇಜಿಗೆ ಇಳಿಸಿದಂತೆ.

ಆದರೆ ಅದರ ಆಯುಸ್ಸು ಚಿಕ್ಕದಾಗಿತ್ತು. 2004ರಲ್ಲಿ ಬಂದ ಮುಂದಿನ ಭಾಗ ಅಂತರಜಾಲದ ಮೂಲಕ ಆಡುವಂಥದು. ಅದರ ಸೇವೆ 2005ರಲ್ಲೇ ನಿಂತಿತು. 2012ರಲ್ಲಿ ಬಂದ ‘ಹೆವಿ ಆರ್ಮರ್’ ಎಂಬ ಆವೃತ್ತಿ ಫಲಕವನ್ನೇ ತೆಗೆದುಹಾಕಿತು. ಕೈಯಲ್ಲಿ ಸಾಮಾನ್ಯ ಸಾಧನ ಹಿಡಿದು, ಗುಂಡಿ ಒತ್ತಬೇಕಾದಲ್ಲಿ ಗಾಳಿಯಲ್ಲಿ ಕೈಯಾಡಿಸಬೇಕು. ಆ ಚಲನೆಯನ್ನು ಕಿನೆಕ್ಟ್ ಎಂಬ ಕ್ಯಾಮೆರಾ ಗುರುತಿಸುತ್ತಿತ್ತು, ಅಥವಾ ಗುರುತಿಸುತ್ತಿರಲಿಲ್ಲ. ವಿಮರ್ಶಕರು ಆ ಆಟವನ್ನು ಕಟುವಾಗಿ ಟೀಕಿಸಿದರು. ಕೈಗೆ ಏನೂ ತಾಗದಿದ್ದರೆ ಆಜ್ಞೆ ತಲುಪಿತೋ ಇಲ್ಲವೋ ಎಂದು ತಿಳಿಯಲು ಪರದೆಯನ್ನೇ ನೋಡಬೇಕು. ನೋಡುವಷ್ಟರಲ್ಲಿ ಕಾಲ ಮಿಂಚಿರುತ್ತದೆ. ಹೀಗೆ ಫಲಕ ಅನಾಥವಾಯಿತು. ಆದರೆ ಅದನ್ನು ಪ್ರೀತಿಸುವವರು ಉಳಿದರು.

ತಂತಿಯೊಳಗಿನ ಕೆಲಸ

ಹೊಂದಾಣಿಕೆಯ ಮೊದಲ ಹಂತ ವಿದ್ಯುತ್ತಿನದು. ಎಕ್ಸ್‌ಬಾಕ್ಸಿನ ಕೊಂಡಿಯ ಆಕಾರ ಬೇರೆಯಾದರೂ ಅದರೊಳಗೆ ಇರುವುದು ನಮಗೆಲ್ಲ ಗೊತ್ತಿರುವ ಯು.ಎಸ್.ಬಿ. ತಂತಿಗಳೇ: 5 ವೋಲ್ಟಿನದೊಂದು, ಭೂತಂತಿ ಒಂದು, ಮಾಹಿತಿಗೆ ಎರಡು. ಇವಲ್ಲದೆ ಹೆಚ್ಚುವರಿಯಾಗಿ ಒಂದು ಹಳದಿ ತಂತಿಯಿದೆ. ಈ ಕೆಲಸಕ್ಕೆ ಅದು ಬೇಕಿಲ್ಲ. ಬೆಸುಗೆ ಕಡ್ಡಿ ಹಿಡಿಯಲು ಬಲ್ಲ ಯಾರಾದರೂ ಅರ್ಧ ಗಂಟೆಯಲ್ಲಿ ಕೊಂಡಿ ಬದಲಿಸಬಹುದು.

ಆದರೆ ಕೊಂಡಿ ಹೊಂದಿದರೆ ಭಾಷೆ ಹೊಂದಿದಂತಲ್ಲ. ಕೀಲಿಮಣೆ, ಮೌಸುಗಳು ಕಂಪ್ಯೂಟರಿಗೆ ಸೇರಿದ ಕೂಡಲೇ ‘ನಾನು ಇಂಥದು, ನನ್ನಲ್ಲಿ ಇಷ್ಟು ಗುಂಡಿಗಳಿವೆ’ ಎಂದು ಒಂದು ಸರ್ವಸಮ್ಮತ ಮಾದರಿಯಲ್ಲಿ ಪರಿಚಯ ಹೇಳಿಕೊಳ್ಳುತ್ತವೆ. ಈ ಫಲಕ ಹಾಗೆ ಹೇಳಿಕೊಳ್ಳುವುದಿಲ್ಲ. ಕಂಪ್ಯೂಟರಿಗೆ ಅದು ಅಪರಿಚಿತ. ಹವ್ಯಾಸಿಗಳು ತಂತಿಯಲ್ಲಿ ಹರಿಯುವ ಬೈಟುಗಳನ್ನು ದಾಖಲಿಸಿ, ಒಂದೊಂದೇ ಗುಂಡಿ ಒತ್ತಿ ನೋಡಿ, ಯಾವ ಬಿಟ್ ಬದಲಾಯಿತು ಎಂದು ಪತ್ತೆ ಹಚ್ಚಿದರು. ಫಲಕ ಪ್ರತಿ ಸಲ ಕಳಿಸುವುದು 26 ಬೈಟುಗಳನ್ನು, ಅಂದರೆ 208 ಬಿಟ್‌ಗಳನ್ನು. ಅವುಗಳಲ್ಲಿ ಐದು ಬೈಟುಗಳೊಳಗೆ ಗುಂಡಿ ಮತ್ತು ಸ್ವಿಚ್ಚುಗಳೆಲ್ಲ ಅಡಗಿವೆ. ಕೋಲು, ಪೆಡಲುಗಳ ಸ್ಥಾನಕ್ಕೆ ಎಂಟು ಅಳತೆಗಳು, ಶ್ರುತಿಗುಂಡಿಗೆ ಒಂದು, ಗೇರಿಗೆ ಒಂದು.

ಇದನ್ನು ಓದುವ ತಂತ್ರಾಂಶವನ್ನು ಬರೆದು ಉಚಿತವಾಗಿ ಹಂಚಿದವರಿದ್ದಾರೆ. ಅದು ಫಲಕದ ಅಳತೆಗಳನ್ನು ಓದಿ, ಕಂಪ್ಯೂಟರಿನೊಳಗೆ ಕಲ್ಪಿತ ಜಾಯ್‌ಸ್ಟಿಕ್ ಒಂದನ್ನು ಸೃಷ್ಟಿಸಿ, ಅದರ ಮೂಲಕ ಆಟಕ್ಕೆ ಉಣಿಸುತ್ತದೆ. ವಿಂಡೋಸಿನ ಹಳೆಯ ಡೈರೆಕ್ಟ್‌ಇನ್‌ಪುಟ್ ಏರ್ಪಾಡಿನಲ್ಲಿ ಒಂದು ಜಾಯ್‌ಸ್ಟಿಕ್ಕಿಗೆ ಎಂಟು ಅಕ್ಷಗಳಿಗೆ, 128 ಗುಂಡಿಗಳಿಗೆ ಜಾಗವಿದೆ. ಫಲಕದ ಎಂಟು ಅಳತೆಗಳು ಅದರಲ್ಲಿ ಅಳೆದಿಟ್ಟಂತೆ ಕೂರುತ್ತವೆ. ತಯಾರಕರು ಒಂದು ಪುಟದ ವಿವರಣೆಯನ್ನೂ ಪ್ರಕಟಿಸದ ಉಪಕರಣವನ್ನು ಬರಿಯ ವೀಕ್ಷಣೆಯಿಂದ ಬಿಡಿಸಿ ಓದಿದ್ದು ಒಳ್ಳೆಯ ಪ್ರಾಯೋಗಿಕ ವಿಜ್ಞಾನ. ಇದಕ್ಕೆ ನನ್ನ ಮೆಚ್ಚುಗೆ ಪೂರ್ಣವಾದುದು.

ಸ್ಥಾನವೋ ವೇಗವೋ?

ಎರಡನೆಯ ಹಂತದಲ್ಲಿ ಭೌತವಿಜ್ಞಾನದ ತೊಡಕು ಶುರುವಾಗುತ್ತದೆ. ಕೋಲಿನ ಬುಡದಲ್ಲಿರುವುದು ಪೊಟೆನ್ಷಿಯೋಮೀಟರ್. ಹಳೆಯ ರೇಡಿಯೋದ ಧ್ವನಿ ಹೆಚ್ಚಿಸುವ ತಿರುಗುಗುಂಡಿಯೊಳಗೆ ಇರುವುದೂ ಅದೇ. ನಾವು ಪರೀಕ್ಷಿಸಿದ ತಂತ್ರಾಂಶ ಪ್ರತಿ ಅಕ್ಷಕ್ಕೆ ಒಂದು ಬೈಟನ್ನು ಓದುತ್ತದೆ. ಅಂದರೆ ಕೋಲಿನ ಪೂರ್ಣ ಚಲನೆ 256 ಮೆಟ್ಟಿಲುಗಳಾಗುತ್ತದೆ.

ಈ ಅಳತೆಯನ್ನು ಆಟ ಎರಡು ರೀತಿಯಲ್ಲಿ ಅರ್ಥ ಮಾಡಿಕೊಳ್ಳಬಹುದು. ಕೋಲು ಎಲ್ಲಿದೆಯೋ ಗುರಿಯೂ ಅಲ್ಲಿಗೆ ಹೋಗಬೇಕು ಎಂಬುದು ಒಂದು. ಕೋಲು ಎಷ್ಟು ಬಾಗಿದೆಯೋ ಅಷ್ಟು ವೇಗದಲ್ಲಿ ಗುರಿ ಸರಿಯಬೇಕು ಎಂಬುದು ಇನ್ನೊಂದು. ಮೊದಲನೆಯದು ಸ್ಥಾನ, ಎರಡನೆಯದು ವೇಗ.

ಸ್ಥಾನದ ಕ್ರಮವನ್ನು ಮೊದಲು ನೋಡೋಣ. ರೋಬಾಟಿನ ಮೇಲ್ಮೈ ಎಡಕ್ಕೆ 120 ಡಿಗ್ರಿ, ಬಲಕ್ಕೆ 120 ಡಿಗ್ರಿ ತಿರುಗುತ್ತದೆ ಎಂದಿಟ್ಟುಕೊಳ್ಳಿ. ಒಟ್ಟು 240 ಡಿಗ್ರಿಯನ್ನು 256ರಿಂದ ಭಾಗಿಸಿದರೆ ಒಂದು ಮೆಟ್ಟಿಲಿಗೆ ಸುಮಾರು 0.94 ಡಿಗ್ರಿ. ಅರ್ಧ ಕಿಲೋಮೀಟರ್ ದೂರದಲ್ಲಿ ಇದು ಸುಮಾರು 8 ಮೀಟರ್ ಆಗುತ್ತದೆ. ಕೋಲನ್ನು ಅಳೆಯಬಹುದಾದ ಅತಿ ಚಿಕ್ಕ ಅಂತರ ಸರಿಸಿದರೂ ಗುರಿ ಎದುರಾಳಿಯ ಎಡಭುಜದಿಂದ ಬಲಭುಜದಾಚೆಗೆ ಜಿಗಿಯುತ್ತದೆ.

ಇನ್ನು ವೇಗದ ಕ್ರಮ. ಹಳೆಯ ಪೊಟೆನ್ಷಿಯೋಮೀಟರ್ ನಡುವೆ ನಿಂತಾಗಲೂ ಒಂದು ಮೆಟ್ಟಿಲು ಆಚೀಚೆ ತೋರಿಸುವುದು ಸಾಮಾನ್ಯ. ಪೂರ್ಣ ಬಾಗಿದಾಗ ವೇಗ ಸೆಕೆಂಡಿಗೆ 60 ಡಿಗ್ರಿ ಎಂದಿಟ್ಟುಕೊಂಡರೆ, ಒಂದು ಮೆಟ್ಟಿಲಿನ ದೋಷ ಅದರ 128ನೆಯ ಒಂದು ಭಾಗ, ಅಂದರೆ ಸೆಕೆಂಡಿಗೆ ಸುಮಾರು 0.47 ಡಿಗ್ರಿ. ಅದು ಅಲ್ಪವೆನಿಸುತ್ತದೆ. ಆದರೆ ವೇಗದ ಅನುಕಲನವೇ ಸ್ಥಾನ. ನೀವು ಕೈ ಬಿಟ್ಟು 30 ಸೆಕೆಂಡು ಸುಮ್ಮನೆ ಕೂತರೆ ನಿಮ್ಮ ರೋಬಾಟ್ ತಾನಾಗಿ 14 ಡಿಗ್ರಿ ಮುಖ ತಿರುಗಿಸಿಕೊಂಡಿರುತ್ತದೆ.

ಸಾಮಾನ್ಯ ಪರಿಹಾರವೆಂದರೆ ನಡುವೆ ಒಂದು ‘ನಿಷ್ಕ್ರಿಯ ವಲಯ’ ಬಿಡುವುದು: ಕೋಲು ಸ್ವಲ್ಪವೇ ಬಾಗಿದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು. ಅನೇಕ ಹವ್ಯಾಸಿಗಳು ಇದನ್ನು ಉದಾರವಾಗಿ ಬಿಟ್ಟಿದ್ದಾರೆ. ಆದರೆ ಸೂಕ್ಷ್ಮವಾಗಿ ಗುರಿಯಿಡುವ ಕೆಲಸವೆಲ್ಲ ನಡೆಯುವುದು ಆ ನಡುಭಾಗದಲ್ಲೇ. ಮನೆಯಲ್ಲಿ ಇಲಿ ಬಂತೆಂದು ಅಡುಗೆಮನೆಗೇ ಬೀಗ ಹಾಕಿದ ಹಾಗಾಯಿತು. ವಲಯವನ್ನು ಎರಡು-ಮೂರು ಮೆಟ್ಟಿಲಿಗೆ ಮಿತಿಗೊಳಿಸಿ, ಅದರಾಚೆ ವೇಗ ನಿಧಾನವಾಗಿ ಏರುವಂತೆ ವಕ್ರರೇಖೆಯೊಂದನ್ನು ಕೊಟ್ಟರೆ ಫಲ ಚೆನ್ನಾಗಿರುತ್ತದೆ. ಸವೆದ ಪೊಟೆನ್ಷಿಯೋಮೀಟರ್ ತೆಗೆದು ಹಾಲ್ ಪರಿಣಾಮದ ಸಂವೇದಕ ಕೂರಿಸಿದರೆ ಇನ್ನೂ ಉತ್ತಮ. ಅದರಲ್ಲಿ ಉಜ್ಜುವ ಭಾಗವಿಲ್ಲ, ಸವೆತವೂ ಇಲ್ಲ.

ಗೇರ್ ಲಿವರಿನ ವಿಷಯದಲ್ಲಿ ಒಂದು ಒಳ್ಳೆಯ ಆಯ್ಕೆಯೂ ಒಂದು ಕೆಟ್ಟ ಆಯ್ಕೆಯೂ ಚಾಲ್ತಿಯಲ್ಲಿವೆ. ಲಿವರಿಗೆ ಏಳು ಸ್ಥಾನಗಳು: ಹಿಂದಕ್ಕೆ, ತಟಸ್ಥ, ಮತ್ತು 1ರಿಂದ 5. ಕೆಲವರು ಲಿವರ್ ಒಂದು ಸ್ಥಾನ ಮೇಲೇರಿದಾಗ ‘ವೇಗ ಹೆಚ್ಚಿಸು’ ಎಂಬ ಕೀಲಿಯನ್ನು ಒಮ್ಮೆ ಒತ್ತಿದಂತೆ ಮಾಡುತ್ತಾರೆ. ಇನ್ನು ಕೆಲವರು 1ಕ್ಕೆ ಶೇಕಡಾ 20, 2ಕ್ಕೆ ಶೇಕಡಾ 40, ಹೀಗೆ 5ಕ್ಕೆ ಶೇಕಡಾ 100 ಎಂದು ನೇರವಾಗಿ ನಿಗದಿ ಮಾಡುತ್ತಾರೆ. ಎರಡೂ ಒಂದೇ ಎನಿಸಬಹುದು. ಆದರೆ ಮೊದಲನೆಯದರಲ್ಲಿ ಒಂದೇ ಒಂದು ಒತ್ತು ಆಟಕ್ಕೆ ತಲುಪದಿದ್ದರೂ ಅಲ್ಲಿಂದಾಚೆಗೆ ಲಿವರ್ ಹೇಳುವುದೊಂದು, ರೋಬಾಟ್ ಮಾಡುವುದೊಂದು. ಎರಡನೆಯದರಲ್ಲಿ ಆಜ್ಞೆ ‘ಇನ್ನೊಂದಿಷ್ಟು’ ಎನ್ನುವುದಿಲ್ಲ, ‘ಇಷ್ಟು’ ಎನ್ನುತ್ತದೆ. ಒಮ್ಮೆ ತಪ್ಪಿದರೂ ಮುಂದಿನ ಸಲ ತಾನಾಗಿ ಸರಿಹೋಗುತ್ತದೆ. ಈ ಭೇದವನ್ನು ಗಮನದಲ್ಲಿಡಿ.

ನಲವತ್ತು ಗುಂಡಿಗಳು ಬೇಕೇ?

ಹತ್ತು ಗುಂಡಿಯ ಅಗ್ಗದ ಕೈಹಿಡಿ ಸಾಧನ ಸಾಲದೇ ಎಂಬ ಆಕ್ಷೇಪಣೆಗೆ ತೂಕವಿದೆ. 2018ರಲ್ಲಿ ಸೇವೆಗೆ ಸೇರಿದ ಅಮೆರಿಕದ ‘ಕೊಲರಾಡೊ’ ಜಲಾಂತರ್ಗಾಮಿಯಲ್ಲಿ ಪೆರಿಸ್ಕೋಪಿನ ಕ್ಯಾಮೆರಾ ತಿರುಗಿಸಲು ದುಬಾರಿ ಕೋಲಿನ ಬದಲು ಎಕ್ಸ್‌ಬಾಕ್ಸಿನ ಸಾಧಾರಣ ಸಾಧನವನ್ನೇ ಬಳಸಿದರು. ಯುವ ನಾವಿಕರು ಅದನ್ನು ಬಹು ಬೇಗ ಕಲಿತರು.

1952ರಲ್ಲಿ ಹಿಕ್ ಎಂಬ ಮನೋವಿಜ್ಞಾನಿ, ಆಯ್ಕೆಗಳು ಹೆಚ್ಚಿದಂತೆ ಉತ್ತರಿಸಲು ಹಿಡಿಯುವ ಕಾಲವೂ ಹೆಚ್ಚುತ್ತದೆ, ಆದರೆ ಲಘುಗಣಕದ ಪ್ರಮಾಣದಲ್ಲಿ ಮಾತ್ರ ಎಂದು ತೋರಿಸಿದರು. ಹತ್ತು ಆಯ್ಕೆಗಳಿಗೆ ಈ ಲೆಕ್ಕ 3.46 ಬಿಟ್ ಬರುತ್ತದೆ, 39 ಆಯ್ಕೆಗಳಿಗೆ 5.32. ಗುಂಡಿಗಳು ನಾಲ್ಕು ಪಟ್ಟಾದರೂ ಕಾಲ ಒಂದೂವರೆ ಪಟ್ಟಷ್ಟೇ. ಅದರ ಮೇಲೆ, ಹತ್ತೇ ಗುಂಡಿಗಳಿದ್ದರೆ ಎರಡೆರಡು ಗುಂಡಿಗಳನ್ನು ಕೂಡಿಸಿ ಒತ್ತುವ ಪಾಠವನ್ನೂ ಕಲಿಯಬೇಕು. ಹಾಗಾಗಿ ಗುಂಡಿಗಳ ಸಂಖ್ಯೆಯೊಂದೇ ದೋಷವಲ್ಲ.

ಗುಂಡಿಗೆ ಅರ್ಥ ಇದೆಯೇ ಎಂಬುದು ಹೆಚ್ಚು ಮುಖ್ಯ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಿ-17 ವಿಮಾನಗಳ ಚಾಲಕರು ನೆಲಕ್ಕಿಳಿದ ಮೇಲೆ ರೆಕ್ಕೆಯ ಫ್ಲ್ಯಾಪಿನ ಸ್ವಿಚ್ಚೆಂದು ಚಕ್ರ ಮಡಿಸುವ ಸ್ವಿಚ್ಚನ್ನು ಒತ್ತಿ ವಿಮಾನವನ್ನು ನೆಲಕಚ್ಚಿಸುತ್ತಿದ್ದರು. ಎರಡೂ ಸ್ವಿಚ್ಚುಗಳು ಪಕ್ಕಪಕ್ಕದಲ್ಲಿ ಒಂದೇ ಆಕಾರದಲ್ಲಿದ್ದವು. ಆಲ್ಫಾನ್ಸ್ ಚಪಾನಿಸ್ ಎಂಬ ವಿಜ್ಞಾನಿ ಒಂದಕ್ಕೆ ಚಕ್ರದ ಆಕಾರ, ಇನ್ನೊಂದಕ್ಕೆ ರೆಕ್ಕೆಯಂಥ ಬೆಣೆಯ ಆಕಾರ ಕೊಡಿಸಿ ಆ ತಪ್ಪನ್ನು ತಡೆದರು. ಕೈಗೇ ತಿಳಿಯುವಂತೆ ಮಾಡಿದ್ದು ಅದರ ಗುಟ್ಟು.

ಈ ದೃಷ್ಟಿಯಿಂದ ನೋಡಿದರೆ, ಬೆಂಕಿ ನಂದಿಸುವ ಗುಂಡಿಗೆ ನಕ್ಷೆ ತೋರಿಸುವ ಕೆಲಸ, ಕ್ಯಾಮೆರಾ ತೊಳೆಯುವ ಗುಂಡಿಗೆ ಸಂಗಡಿಗರೊಡನೆ ಮಾತಾಡುವ ಕೆಲಸ ಹಂಚುವ ಹೊಂದಾಣಿಕೆ ಹಿಂದಕ್ಕೆ ನಡೆದಂತೆ. ಗುಂಡಿಯ ಮೇಲೆ ಅಚ್ಚಾಗಿರುವುದೇ ಒಂದು, ಆಗುವುದೇ ಇನ್ನೊಂದು. ಖಾಲಿ ಉಳಿದ ಗುಂಡಿಗಳು ಖಾಲಿಯೇ ಇರಲಿ. ನಲವತ್ತನ್ನೂ ತುಂಬಿಸಲೇಬೇಕೆಂಬ ಹಟ ಬೇಡ. ‘ಮೆಕ್‌ವಾರಿಯರ್ 5’ ಆಟ (2019) ಜಾಯ್‌ಸ್ಟಿಕ್ಕಿನ ಅಕ್ಷ, ಗುಂಡಿಗಳನ್ನು ಒಂದು ಸಾದಾ ಪಠ್ಯ ಕಡತದಲ್ಲಿ ಬರೆದು ಸೇರಿಸಿಕೊಳ್ಳಲು ಅವಕಾಶ ಕೊಡುತ್ತದೆ. ಇಂಥ ತೆರೆದ ಬಾಗಿಲಿರುವಲ್ಲಿ ಹೆಸರಿಗೆ ತಕ್ಕ ಕೆಲಸವನ್ನು ಹುಡುಕಿ ಕೊಡುವುದು ಕಷ್ಟವಲ್ಲ.

ದೀಪ ಯಾರ ಮಾತು ಹೇಳುತ್ತದೆ?

ಈಗ ದೀಪಗಳಿಗೆ ಬರೋಣ. ಮೂಲ ಆಟದಲ್ಲಿ ದೀಪವನ್ನು ಬೆಳಗಿಸುತ್ತಿದ್ದುದು ಆಟ. ರೋಬಾಟಿನ ಸ್ಥಿತಿಗೆ ತಕ್ಕಂತೆ ಆಟ ಫಲಕಕ್ಕೆ ಸಂಕೇತ ಕಳಿಸುತ್ತಿತ್ತು. ಹೊಸ ಆಟಕ್ಕೆ ಈ ಫಲಕದ ಪರಿಚಯವಿಲ್ಲ. ಅದು ಏನನ್ನೂ ಕಳಿಸುವುದಿಲ್ಲ. ಹಾಗೆಂದು ದೀಪಗಳು ಕತ್ತಲಾಗಿ ಕುಳಿತರೆ ಫಲಕಕ್ಕೆ ಶೋಭೆಯಿಲ್ಲ. ಆದ್ದರಿಂದ ಹೆಚ್ಚಿನ ಹೊಂದಾಣಿಕೆಗಳಲ್ಲಿ ಸುಲಭದ ಉಪಾಯವೊಂದನ್ನು ಮಾಡಿರುತ್ತಾರೆ: ಗುಂಡಿ ಒತ್ತಿದರೆ ಅದರ ದೀಪ ಹತ್ತಲಿ, ಮತ್ತೆ ಒತ್ತಿದರೆ ಆರಲಿ.

ನೋಡಲು ಬಹಳ ಚೆನ್ನಾಗಿರುತ್ತದೆ. ಬಿಳೇಕಹಳ್ಳಿಯ ಆ ಮನೆಯಲ್ಲೂ ಹೀಗೇ ಮಾಡಿದ್ದರು. ಕೋಣೆಯ ದೀಪ ಆರಿಸಿದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಆದರೆ ಆ ದೀಪ ಹೇಳುತ್ತಿರುವುದು ರೋಬಾಟಿನ ಸ್ಥಿತಿಯನ್ನಲ್ಲ. ನಿಮ್ಮ ಬೆರಳು ಏನು ಮಾಡಿತು ಎಂಬುದನ್ನು ನಿಮಗೇ ತಿರುಗಿ ಹೇಳುತ್ತಿದೆ.

ಪರಿಣಾಮ ನೋಡಿ. ಈ ಬಗೆಯ ಆಟಗಳಲ್ಲಿ ಸತತವಾಗಿ ಗುಂಡು ಹಾರಿಸಿದರೆ ರೋಬಾಟ್ ಕಾಯುತ್ತದೆ. ಮಿತಿ ಮೀರಿದರೆ ತಾನಾಗಿ ಸ್ಥಗಿತಗೊಳ್ಳುತ್ತದೆ. ‘ಎಂಜಿನ್’ ಗುಂಡಿಯನ್ನು ನೀವು ಆರಂಭದಲ್ಲಿ ಒತ್ತಿದ್ದೀರಿ, ದೀಪ ಹತ್ತಿದೆ. ಕಾಳಗದ ನಡುವೆ ರೋಬಾಟ್ ಕಾದು ನಿಂತುಹೋಯಿತು. ಫಲಕಕ್ಕೆ ಇದು ಗೊತ್ತಿಲ್ಲ; ‘ಎಂಜಿನ್ ನಡೆಯುತ್ತಿದೆ’ ಎಂದು ದೀಪ ಹೇಳುತ್ತಲೇ ಇರುತ್ತದೆ. ಮತ್ತೆ ಚಾಲೂ ಮಾಡಲು ನೀವು ಗುಂಡಿ ಒತ್ತುತ್ತೀರಿ. ಎಂಜಿನ್ ಶುರುವಾಗುತ್ತದೆ, ದೀಪ ಆರುತ್ತದೆ! ಅಲ್ಲಿಂದ ಮುಂದೆ ದೀಪ ಸದಾ ತಿರುಗುಮುರುಗು: ನಡೆಯುವಾಗ ಕತ್ತಲು, ನಿಂತಾಗ ಬೆಳಕು. ದೀಪವೇ ಇಲ್ಲದ ಫಲಕಕ್ಕಿಂತ ಇದು ಕೆಟ್ಟದ್ದು. ಕತ್ತಲ ಗುಂಡಿ ಏನನ್ನೂ ಹೇಳುವುದಿಲ್ಲ. ಈ ದೀಪ ಸುಳ್ಳು ಹೇಳುತ್ತದೆ.

ಆಟದಲ್ಲಿ ಸೋತರೇನಾಯಿತು ಎನ್ನಬಹುದು. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಪರಮಾಣು ಸ್ಥಾವರದಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. ಒತ್ತಡ ಇಳಿಸುವ ಕವಾಟವೊಂದು ತೆರೆದುಕೊಂಡು, ಮುಚ್ಚಿಕೊಳ್ಳದೆ ಸಿಕ್ಕಿಕೊಂಡಿತು. ನಿಯಂತ್ರಣ ಕೊಠಡಿಯ ದೀಪ ಮಾತ್ರ ಆರಿತ್ತು. ದೀಪ ಆರಿದ್ದರಿಂದ ಕವಾಟ ಮುಚ್ಚಿದೆ ಎಂದು ಸಿಬ್ಬಂದಿ ನಂಬಿದರು. ವಾಸ್ತವವಾಗಿ ಆ ದೀಪ ಕವಾಟದ ಸ್ಥಾನಕ್ಕೆ ಜೋಡಿಸಿದ್ದಲ್ಲ. ಕವಾಟಕ್ಕೆ ಹೋಗುವ ವಿದ್ಯುತ್ ಆಜ್ಞೆಗೆ ಜೋಡಿಸಿದ್ದು. ‘ಮುಚ್ಚು ಎಂದು ಹೇಳಿಯಾಯಿತು’ ಎಂಬುದಷ್ಟೇ ಅದರ ಅರ್ಥ. ಎರಡು ಗಂಟೆಗೂ ಹೆಚ್ಚು ಕಾಲ ತಂಪುಕಾರಕ ನೀರು ಸೋರಿಹೋಯಿತು. ರಿಯಾಕ್ಟರಿನ ಒಡಲು ಭಾಗಶಃ ಕರಗಿತು. ಅಪಘಾತಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಆ ಒಂದು ದೀಪದ ಪಾತ್ರವನ್ನು ಯಾರೂ ಅಲ್ಲಗಳೆದಿಲ್ಲ.

ಅಷ್ಟು ದೂರ ಹೋಗುವುದೂ ಬೇಡ. ನಿಮ್ಮ ಕಟ್ಟಡದ ಬೋರ್‌ವೆಲ್ ಪಂಪಿನ ಸ್ಟಾರ್ಟರನ್ನು ನೋಡಿ. ಹಸಿರು ಗುಂಡಿ ಒತ್ತಿದರೆ ದೀಪ ಹತ್ತುತ್ತದೆ. ಮೋಟಾರಿಗೆ ವಿದ್ಯುತ್ ಹೋಗುತ್ತಿದೆ ಎಂಬುದಷ್ಟೇ ಅದರ ಅರ್ಥ. ಮೇಲಿನ ಟ್ಯಾಂಕಿಗೆ ನೀರು ಏರುತ್ತಿದೆ ಎಂದಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಬೋರ್‌ವೆಲ್‌ಗಳು ಬತ್ತಿದಾಗ ಈ ವ್ಯತ್ಯಾಸ ಅನೇಕ ಬಡಾವಣೆಗಳಿಗೆ ಅನುಭವದಿಂದಲೇ ತಿಳಿಯಿತು. ದೀಪ ಉರಿಯುತ್ತದೆ, ಮೋಟಾರ್ ತಿರುಗುತ್ತದೆ, ನೀರಿಲ್ಲದೆ ಬಿಸಿಯಾಗಿ ಕೊನೆಗೆ ಸುಟ್ಟುಹೋಗುತ್ತದೆ. ನೀರೆತ್ತದ ಪಂಪ್ ಎಳೆಯುವ ವಿದ್ಯುತ್ ಪ್ರವಾಹ ಕಡಿಮೆ. ಅದನ್ನು ಅಳೆದು ಮೋಟಾರನ್ನು ನಿಲ್ಲಿಸುವ ರಿಲೇ ಮಾರುಕಟ್ಟೆಯಲ್ಲಿದೆ. ಟ್ಯಾಂಕಿನಲ್ಲಿ ತೇಲುವ ಸ್ವಿಚ್ಚೂ ಇದೆ. ಇವೆರಡೂ ಆಜ್ಞೆಯನ್ನಲ್ಲ, ಫಲವನ್ನು ಅಳೆಯುತ್ತವೆ.

ಸರಿಯಾದ ಹೊಂದಾಣಿಕೆ ಹೇಗಿರಬೇಕು?

ಇಂದಿನ ಅನೇಕ ವಿಮಾನಗಳಲ್ಲಿ ಚಾಲಕನ ಕೋಲಿಗೂ ರೆಕ್ಕೆಯಂಚಿನ ಫಲಕಕ್ಕೂ ನೇರ ಸರಳಿನ ಸಂಪರ್ಕವಿಲ್ಲ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿದ ನಮ್ಮ ತೇಜಸ್ ವಿಮಾನವೂ ಇದೇ ಬಗೆಯದು. ಆಜ್ಞೆಗಳು ತಂತಿಯ ಮೂಲಕ, ಕಂಪ್ಯೂಟರಿನ ಮೂಲಕ ಹೋಗುತ್ತವೆ. ಇಂಥ ವ್ಯವಸ್ಥೆಯಲ್ಲಿ ಫಲಕಕ್ಕೆ ‘ಇಷ್ಟು ತಿರುಗು’ ಎಂಬ ಆಜ್ಞೆ ಹೋಗುವುದು ಒಂದು ದಾರಿಯಲ್ಲಿ. ‘ನಿಜಕ್ಕೂ ಇಷ್ಟು ತಿರುಗಿದ್ದೇನೆ’ ಎಂಬ ಅಳತೆ ಮರಳಿ ಬರುವುದು ಇನ್ನೊಂದು ದಾರಿಯಲ್ಲಿ. ಎರಡನ್ನೂ ಹೋಲಿಸಿ ನೋಡುವುದರಲ್ಲೇ ಸುರಕ್ಷತೆ ಇದೆ. ಮೇಜಿನ ಫಲಕಕ್ಕೂ ಅಳತೆಗೋಲು ಇದೇ ಆಗಬೇಕು.

ಹಾಗಾದರೆ ಏನು ಮಾಡಬಹುದು? ಆಟವೇ ತನ್ನ ಸ್ಥಿತಿಯನ್ನು ಹೊರಗೆ ಹೇಳುವಂತಿದ್ದರೆ ಕೆಲಸ ಸುಲಭ. ‘ಡಿ.ಸಿ.ಎಸ್. ವರ್ಲ್ಡ್’ನಂಥ ವಿಮಾನ ಅನುಕರಣ ತಂತ್ರಾಂಶಗಳು ಹಾರಾಟದ ಮಾಹಿತಿಯನ್ನು ಹೊರಗಿನ ಕಾರ್ಯಕ್ರಮಕ್ಕೆ ಕೊಡುತ್ತವೆ. ಹವ್ಯಾಸಿಗಳು ಅದನ್ನು ಬಳಸಿ ನಿಜವಾದ ಕಾಕ್‌ಪಿಟ್ಟಿನಂಥ ದೀಪ, ಮುಳ್ಳುಗಳನ್ನು ನಡೆಸುತ್ತಾರೆ. ರೋಬಾಟ್ ಆಟಗಳನ್ನು ಮಾಡುವವರೂ ಇಂಥ ಸಣ್ಣ ಕಿಟಕಿಯೊಂದನ್ನು ತೆರೆದಿಡಬೇಕು. ಅವರಿಗೆ ಅದರ ವೆಚ್ಚ ಅಲ್ಪ.

ಆಟ ಹೇಳದಿದ್ದರೆ ಎರಡನೆಯ ದಾರಿ ಪರದೆಯನ್ನು ಓದುವುದು. ಉಷ್ಣತೆಯ ಪಟ್ಟಿ ಪರದೆಯ ಒಂದು ಮೂಲೆಯಲ್ಲಿ ಇದ್ದೇ ಇರುತ್ತದೆ. ಅಲ್ಲಿನ ಕೆಲವು ಚುಕ್ಕಿಗಳ ಬಣ್ಣವನ್ನು ಸೆಕೆಂಡಿಗೆ ಹತ್ತು ಸಲ ಓದುವ ಚಿಕ್ಕ ತಂತ್ರಾಂಶ ಬರೆದರೆ ದೀಪದ 16 ಮಟ್ಟಗಳನ್ನು ಉಷ್ಣತೆಗೆ ಜೋಡಿಸಬಹುದು. ರೋಬಾಟ್ ಕಾದಂತೆ ದೀಪ ಪ್ರಖರವಾಗುತ್ತದೆ. ಇದು ಪರೋಕ್ಷ ಅಳತೆ ನಿಜ. ಆದರೆ ಅಳತೆಯಂತೂ ಹೌದು. ಇತರರೊಡನೆ ಅಂತರಜಾಲದಲ್ಲಿ ಆಡುವವರು ಆಟದ ನಿಯಮ ಇದಕ್ಕೆ ಒಪ್ಪುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ಇವೆರಡೂ ಆಗದಿದ್ದರೆ ದೀಪವನ್ನು ಆರಿಸಿಡಿ. ಅಥವಾ ಫಲಕದ ಎಲ್ಲ ದೀಪಗಳನ್ನೂ ಒಂದೇ ಮಂದ ಪ್ರಕಾಶದಲ್ಲಿ ಇಡಿ. ಕತ್ತಲಲ್ಲಿ ಗುಂಡಿ ಕಾಣಲು ಅಷ್ಟು ಸಾಕು. ಬೆರಳು ಒತ್ತಿದ್ದಕ್ಕೆ ಗುರುತು ಬೇಕೇ ಬೇಕೆಂದರೆ ಒತ್ತಿರುವಷ್ಟು ಹೊತ್ತು ಮಾತ್ರ ದೀಪ ಹತ್ತಲಿ, ಬಿಟ್ಟೊಡನೆ ಆರಲಿ. ಆಗ ಅದು ಯಂತ್ರದ ಸ್ಥಿತಿಯೆಂದು ಯಾರೂ ತಪ್ಪು ತಿಳಿಯುವುದಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟ್ ಪ್ರದರ್ಶನಗಳಲ್ಲಿ ನಾನು ಮತ್ತೆ ಮತ್ತೆ ಕಾಣುವುದು ಇದೇ ದೋಷ. ಎಸ್.ಪಿ. ರಸ್ತೆಯಿಂದ ತಂದ ಮೈಕ್ರೋಕಂಟ್ರೋಲರ್ ಫಲಕ, ಒಂದು ಮೋಟಾರ್, ಒಂದು ಹಸಿರು ದೀಪ. ಮೋಟಾರಿಗೆ ಆಜ್ಞೆ ಕೊಡುವ ಸಾಲಿನ ಕೆಳಗೇ ದೀಪ ಹತ್ತಿಸುವ ಸಾಲು. ಮೋಟಾರಿನ ತಂತಿಯನ್ನು ನಾನು ಕಿತ್ತರೂ ‘ಮೋಟಾರ್ ಚಾಲೂ ಇದೆ’ ಎಂದು ದೀಪ ನಗುತ್ತಿರುತ್ತದೆ. ಅಂಕವೂ ಬರುತ್ತದೆ. ಹೀಗೆ ಕಲಿತವರು ನಾಳೆ ಲಿಫ್ಟಿಗೆ, ಆಸ್ಪತ್ರೆಯ ಉಪಕರಣಕ್ಕೆ, ರೈಲ್ವೆ ಸಂಕೇತಕ್ಕೆ ಫಲಕ ರೂಪಿಸಲಿದ್ದಾರೆ.

ಆದ್ದರಿಂದ ನಿಮ್ಮ ಮೇಜಿನ ಮೇಲೆ ಯಾವ ಫಲಕವೇ ಇರಲಿ, ದೈತ್ಯ ರೋಬಾಟಿನದಾಗಲಿ ತರಗತಿಯ ಪ್ರಾಜೆಕ್ಟಿನದಾಗಲಿ, ಈ ಪರೀಕ್ಷೆ ಮಾಡಿ. ಆಜ್ಞೆ ಹೋಗುವ ತಂತಿಯನ್ನು ನಡುವೆ ಕತ್ತರಿಸಿ. ಆಮೇಲೆ ಗುಂಡಿ ಒತ್ತಿ. ದೀಪ ಆಗಲೂ ಹತ್ತಿದರೆ ಆ ದೀಪಕ್ಕೆ ಯಂತ್ರದ ಪರಿಚಯವೇ ಇಲ್ಲ ಎಂದು ತಿಳಿಯಿರಿ. ಅದನ್ನು ಸರಿಪಡಿಸಿ, ಸರಿಪಡಿಸಲಾಗದಿದ್ದರೆ ತೆಗೆದುಹಾಕಿ. ಹೊಂದಾಣಿಕೆಯ ಅರ್ಧ ಕೆಲಸ ಯಂತ್ರಕ್ಕೆ ನಮ್ಮ ಮಾತು ತಲುಪಿಸುವುದು. ಉಳಿದರ್ಧ ಯಂತ್ರದ ಮಾತನ್ನು ನಾವು ಕೇಳುವಂತೆ ಮಾಡುವುದು.